ಟ್ರೀನಾಳ ಸಾಲ, ವೇಡ್‌ನ ಹಲ್ಲು

"ಗೇರ್ ನ್ಯೂಟ್ರಲ್‌ಗೆ ಹಾಕಿ ಅಂತ ಎಷ್ಟು ಸಲ ಹೇಳ್ಬೇಕು ಮೇಡಂ? ಕಾರು ಎಳ್ಕೊಂಡು ಹೋಗ್ಲೋ, ಇಲ್ಲೇ ಬಿಟ್ಟು ಹೋಗ್ಲೋ?"

ಟ್ರೀನಾಗೆ ಅದೊಂದೂ ಕೇಳಿಸಲಿಲ್ಲ. ಅಮೆರಿಕದ ಈರಿ ಪಟ್ಟಣದ ಆ ಹಿಮದ ಬೆಳಗಿನಲ್ಲಿ, ಕೆಟ್ಟು ನಿಂತ ತನ್ನ ಕಾರಿನ ಪಕ್ಕದಲ್ಲಿ, ಅವಳು ಎವೆಯಿಕ್ಕದೆ ನೋಡುತ್ತಿದ್ದುದು ಕಾರು ಎಳೆಯಲು ಬಂದ ಟ್ರಕ್ಕಿನವನ ಬಾಯನ್ನು!

ಕೆಳಗಿನ ಹಲ್ಲುಗಳ ಹಿಂದೆ... ಅಬ್ಬಾ, ಎಂಥಾ ಪಾಚಿ! ವರ್ಷಗಟ್ಟಲೆ ಕಟ್ಟಿ ಕಲ್ಲಾಗಿರುವ ಪಾಚಿ!

"ದಯವಿಟ್ಟು... ಇನ್ನೊಂದ್ಸಲ ಬೈತೀರಾ?"

"ಏನಂದ್ರಿ?"

"ಬಾಯಿ ಇನ್ನೂ ದೊಡ್ಡದಾಗಿ ತೆರೆದು ಬೈರಿ. ನಾನು ಹಲ್ಲು ಶುಚಿ ಮಾಡೋ ಕೆಲಸಕ್ಕೆ ಓದ್ತಿದೀನಿ. ಲೈಸೆನ್ಸ್ ಪರೀಕ್ಷೆಗೆ ರೋಗೀನ ನಾವೇ ಹುಡ್ಕೊಂಡು ಹೋಗ್ಬೇಕು. ಬರ್ತೀರಾ? ಬಿಟ್ಟಿಯಾಗಿ ಶುಚಿ ಮಾಡ್ಕೊಡ್ತೀನಿ!"

ಆ ಪರೀಕ್ಷೆಗೆ ಗಟ್ಟಿ ಪಾಚಿ ಇರುವ ಬಾಯಿಯೇ ಬೇಕು, ಇಲ್ಲದಿದ್ದರೆ ರೋಗಿಯನ್ನು ಬಾಗಿಲಲ್ಲೇ ವಾಪಸ್ ಕಳಿಸುತ್ತಾರೆ. ಅದನ್ನು ಮಾತ್ರ ಅವಳು ನುಂಗಿಕೊಂಡಳು. ಮೊದಲ ಭೇಟಿಯಲ್ಲೇ ಒಬ್ಬ ಗಂಡಸಿಗೆ ಇದನ್ನು ಹೇಳುವುದಾದರೂ ಹೇಗೆ?

ಅವನ ಹೆಸರು ವೇಡ್. ತಟ್ಟನೆ ಬಾಯಿ ಮುಚ್ಚಿಕೊಂಡು, ಬರುತ್ತೇನೆ ಎಂದು ತಲೆಯಾಡಿಸಿದ.

ಕಾಲೇಜಿನ ಕ್ಲಿನಿಕ್ಕಿನಲ್ಲಿ ಅವನ ಹಲ್ಲಿನ ಎಕ್ಸ್-ರೇ ಆಯಿತು. ಆಮೇಲೆ ಒಂದು ಕಾಫಿ. ಆಮೇಲೆ ಪ್ರತಿ ಶುಕ್ರವಾರ, ಚರ್ಚಿನವರು ಊರಿನವರಿಗೆಲ್ಲಾ ಬಡಿಸುವ ಮೀನೂಟ. ಸಾಲಿನಲ್ಲಿ ನಿಂತಾಗ ಅವನು ತನ್ನ ಕೋಟು ಬಿಚ್ಚಿ ಅವಳಿಗೆ ಹೊದಿಸುತ್ತಿದ್ದ. ಟ್ರೀನಾ ಮನಸ್ಸು ಕೊಟ್ಟಾಗಿತ್ತು.

ಒಂದು ಶುಕ್ರವಾರ ಅವನು ಕೇಳಿದ. "ಓದಿಗೆ ಸಾಲ ಎಷ್ಟಾಯ್ತು?"

"ನಲವತ್ತೆರಡು ಸಾವಿರ ಡಾಲರ್."

ವೇಡ್ ಉದ್ದಕ್ಕೆ ಶಿಳ್ಳೆ ಹೊಡೆದ.

"ಹಾಗೇನು ಶಿಳ್ಳೆ ಹೊಡೀಬೇಡ! ಸರ್ಕಾರಿ ಕಾಲೇಜಲ್ಲಿ ಇದರ ಮೂರನೇ ಒಂದು ಪಾಲಾಗ್ತಿತ್ತು, ಗೊತ್ತು. ಆದ್ರೆ ಅಲ್ಲಿ ಸೀಟಿಗೆ ಎರಡು ವರ್ಷ ಕಾಯ್ಬೇಕು. ಆ ಎರಡು ವರ್ಷ ಹೋಟೆಲಲ್ಲಿ ತಟ್ಟೆ ಎತ್ತೋದಾ? ಈ ಕೆಲಸದಲ್ಲಿ ಗಂಟೆಗೆ ಮೂವತ್ತಾರು ಡಾಲರ್ ಸಿಗುತ್ತೆ. ಎರಡು ವರ್ಷ ಮೊದಲೇ ದುಡಿಯೋಕೆ ಶುರು ಮಾಡಿದ್ರೆ ಹೆಚ್ಚುವರಿ ಸಾಲ ತೀರಿ ಮಿಗುತ್ತೆ. ನನ್ನ ಲೆಕ್ಕ ತಪ್ಪಾ?"

"ತಪ್ಪಲ್ಲ. ಪರೀಕ್ಷೆ ಪಾಸಾದ್ರೆ ಸರಿಯಾಗೇ ಇದೆ," ಎಂದ ವೇಡ್. ಇನ್ನೇನೋ ಹೇಳಲು ಹೊರಟು ಸುಮ್ಮನಾದ.

ಅವತ್ತಿನಿಂದ ಟ್ರೀನಾಳ ಎದೆಯಲ್ಲಿ ಮುಳ್ಳು ಮುರಿದ ಹಾಗಾಯಿತು. ಅವನು ಕೈ ಹಿಡಿಯುತ್ತಿದ್ದ, ಹಣೆಗೆ ಹಣೆ ತಾಗಿಸುತ್ತಿದ್ದ. ಆದರೆ ಅವಳು ಮುಖ ಹತ್ತಿರ ತಂದರೆ ಸಾಕು, ತಿರುಗಿ ಬಿಡುತ್ತಿದ್ದ! ಒಂದು ಮುತ್ತೂ ಇಲ್ಲ.

'ಇನ್ನೇನು? ನನ್ನನ್ನೂ ನನ್ನ ಸಾಲವನ್ನೂ ಎದುರುಬದುರು ಇಟ್ಟು ತೂಗಿ ನೋಡಿದ್ದಾನೆ. ಸಾಲವೇ ಭಾರವಾಗಿದೆ...' ಎಂದುಕೊಂಡು ಒಳಗೊಳಗೇ ಕುದಿದಳು.

ಪರೀಕ್ಷೆಗೆ ಇನ್ನು ಒಂದು ವಾರ. ವೇಡ್ ಅವಳ ಮನೆ ಬಾಗಿಲಿಗೆ ಬಂದ. ಹೊಸ ಅಂಗಿ, ಕೈಯಲ್ಲಿ ಹೂವು. ಮೊದಲ ಸಲ ಬಾಯಿ ತುಂಬಾ ನಕ್ಕ.

ಹಲ್ಲುಗಳು ಫಳಫಳ!

ಟ್ರೀನಾ ಅವನ ಗದ್ದ ಹಿಡಿದು ಬಾಯೊಳಗೆ ಇಣುಕಿದಳು. "ಏನು... ಏನು ಮಾಡ್ಕೊಂಡು ಬಂದೆ?"

"ದುಡ್ಡು ಕೊಟ್ಟು ಶುಚಿ ಮಾಡಿಸ್ದೆ! ಹೇಗಿದೆ?"

"ಅಯ್ಯೋ ಮೂರ್ಖ! ನನಗೆ ಬೇಕಾಗಿದ್ದೇ ಆ ಪಾಚಿ! ಅದನ್ನ ತೆಗೆದು ತೋರಿಸೋದೇ ನನ್ನ ಪರೀಕ್ಷೆ!"

ಅವನ ನಗು ಆರಿಹೋಯಿತು. "ಕೊಳೆ ಬಾಯಿ ತಗೊಂಡು ಬಂದು ಎಲ್ರೆದುರು ನಿನ್ನ ಮಾನ ಕಳೀಬಾರ್ದು ಅಂತ... ನೀನ್ಯಾಕೆ ಮೊದಲೇ ಹೇಳ್ಲಿಲ್ಲ?"

ತಪ್ಪು ತನ್ನದೇ ಎಂದು ಅವಳಿಗೂ ಗೊತ್ತಿತ್ತು. ಅದಕ್ಕೇ ಸಿಟ್ಟು ಇನ್ನೂ ಹೆಚ್ಚಾಯಿತು. ಪರೀಕ್ಷೆ ಶುಲ್ಕ ನೀರಿಗೆ! ಮುಂದಿನ ಪರೀಕ್ಷೆ ಇನ್ನು ಬರುವ ಚಳಿಗಾಲಕ್ಕೆ. ಅಷ್ಟರಲ್ಲಿ ಸಾಲದ ಕಂತು ಶುರು, ಕೈಯಲ್ಲಿ ಲೈಸೆನ್ಸ್ ಇಲ್ಲ... ಅದೇ ಹೋಟೆಲು, ಅದೇ ತಟ್ಟೆ!

"ಆ ಹಲ್ಲಿಗೋಸ್ಕರಾನೇ ನಿನ್ನ ಮಾತಾಡಿಸಿದ್ದು! ಈಗ ಅದೂ ಇಲ್ಲ. ಹೋಗು!"

ಹೂವನ್ನು ಮೆಟ್ಟಿಲ ಮೇಲೆ ಇಟ್ಟು ವೇಡ್ ಹೊರಟುಹೋದ. ಬಾಗಿಲ ಹಿಂದೆ ಕುಸಿದು ಕೂತ ಟ್ರೀನಾ ಬಿಕ್ಕಿ ಬಿಕ್ಕಿ ಅತ್ತಳು. ಅತ್ತಿದ್ದು ಸಾಲಕ್ಕೋ ಅವನಿಗೋ ಅವಳಿಗೇ ತಿಳಿಯಲಿಲ್ಲ.

ಎರಡು ದಿನ ಸಿಕ್ಕಸಿಕ್ಕವರ ಬಾಯಿ ನೋಡುತ್ತಾ ಅಲೆದಳು. ಯಾರೂ ಒಪ್ಪಲಿಲ್ಲ. ಮೂರನೇ ದಿನ ಕ್ಲಿನಿಕ್ಕಿನ ಮುಂದೆ ಟ್ರಕ್ಕು ನಿಂತಿತು.

ವೇಡ್ ಇಳಿದ. ಹಿಂದೆಯೇ ಒಬ್ಬ ದಪ್ಪ ಮುದುಕ.

"ಇವ್ರು ಹೋಬಾರ್ಟ್, ನಮ್ಮ ಯಜಮಾನ್ರು. ಗ್ಯಾರೇಜಲ್ಲಿ ಎಲ್ರ ಬಾಯೂ ಬಿಡಿಸಿ ನೋಡ್ದೆ. ಇವ್ರದ್ದೇ ಅತಿ ಕೆಟ್ಟದ್ದು."

"ಹುಚ್ಚು ಹಿಡಿದಿದೆ ಕಣಮ್ಮ ಈ ಹುಡುಗನಿಗೆ!" ಹೋಬಾರ್ಟ್ ಗೊಣಗಿದರು. "ಒಂದು ತಿಂಗಳು ಭಾನುವಾರ ಎಲ್ಲಾ ನನ್ನ ಬದಲು ಇವನೇ ಟ್ರಕ್ಕು ಓಡಿಸ್ತಾನಂತೆ, ನಾನು ಬಾಯಿ ಕೊಟ್ರೆ. ನೋವಾಗಲ್ಲ ತಾನೇ?"

ಟ್ರೀನಾ ವೇಡ್‌ನ ಮುಖ ನೋಡಲಾರದೆ ಮುದುಕನನ್ನು ಒಳಗೆ ಕರೆದೊಯ್ದಳು. ಎಕ್ಸ್-ರೇ ಆಯಿತು, ಶನಿವಾರ ಪರೀಕ್ಷೆಯೂ ಆಯಿತು. ಸಂಜೆಗೆ ಫಲಿತಾಂಶ ಬಂತು.

ಪಾಸು!

ಹೊರಗೆ ವೇಡ್ ಟ್ರಕ್ಕಿಗೆ ಒರಗಿ ನಿಂತಿದ್ದ. ಅವಳು ನೇರವಾಗಿ ಅವನೆದುರು ಹೋಗಿ ನಿಂತಳು.

"ಅವತ್ತು ಅಂದಿದ್ದಕ್ಕೆ ಕ್ಷಮಿಸು... ಆದ್ರೆ ಒಂದು ಕೇಳ್ಲಾ? ನನ್ನ ಸಾಲ ಕೇಳಿ ದೂರ ಸರಿದವನು, ಇಷ್ಟೆಲ್ಲಾ ಯಾಕೆ ಮಾಡ್ದೆ?"

"ದೂರ ಸರಿದ್ನಾ? ನಾನಾ?"

"ಒಂದು ಮುತ್ತಾದ್ರೂ ಕೊಟ್ಟಿದೀಯಾ?"

ವೇಡ್ ಕಿವಿಯವರೆಗೂ ಕೆಂಪಾದ. "ಹಲ್ಲು ಓದಿದ ಹುಡುಗಿಗೆ... ಆ ಬಾಯಲ್ಲಿ ಮುತ್ತು ಕೊಡೋಕೆ ನಾಚಿಕೆ ಆಗಲ್ವಾ? ಅದಕ್ಕೇ ಕಣೇ ಶುಚಿ ಮಾಡಿಸ್ದೆ."

ಟ್ರೀನಾಳ ಕಣ್ಣು ತುಂಬಿತು. "ಅಂದ್ರೆ... ಸಾಲಕ್ಕೆ ಹೆದರಿ ಅಲ್ವಾ?"

"ಸಾಲಕ್ಕಾ! ಈ ಟ್ರಕ್ಕು ನನ್ನದೇ, ಗ್ಯಾರೇಜಿಂದಲ್ಲ. ಇದರ ಸಾಲ ನಿನ್ನದಕ್ಕಿಂತ ಜಾಸ್ತಿ ಇದೆ! ಕೇಳಿದ್ರೆ ನೀನೇ ಓಡಿ ಹೋಗ್ತೀಯ ಅಂತ ಅವತ್ತು ಬಾಯಿ ಮುಚ್ಕೊಂಡೆ."

ಅವಳು ಅಳುತ್ತಲೇ ನಕ್ಕುಬಿಟ್ಟಳು. "ಎಷ್ಟು?"

"ಆಮೇಲೆ ಹೇಳ್ತೀನಿ."

"ಈಗ್ಲೇ ಹೇಳು."

"ಹೇಳಿದ್ಮೇಲೆ ನೀನು ಮನಸ್ಸು ಬದಲಾಯಿಸಿದ್ರೆ?"

ಅವನ ಕೋಟಿನ ಕಾಲರ್ ಹಿಡಿದು ಟ್ರೀನಾ ಹತ್ತಿರಕ್ಕೆ ಎಳೆದಳು.

"ಹಾಗಾದ್ರೆ ಮೊದ್ಲು ಮುತ್ತು ಕೊಡು... ಆಮೇಲೆ ಇಬ್ರದ್ದೂ ಸೇರಿಸಿ ಕೂಡೋಣ."