ಅವ್ವನ ತೋಟದ ಸುಳ್ಳು

"ಎಲ್ಲಿ ಅದಾವ ನಮ್ಮವ್ವನ ಬಾಳಿಗಿಡ?"

ಮಲ್ಲಿಕಾಳ ದನಿಗೆ ಬದುವಿನ ಮೇಲಿದ್ದ ಬೆಳ್ಳಕ್ಕಿಗಳು ಹಾರಿಹೋದವು. ಕೈಯಲ್ಲಿ ಕುಡುಗೋಲು, ಕಣ್ಣಲ್ಲಿ ಬೆಂಕಿ.

ಎದುರಿಗೆ ಗುರುಲಿಂಗ. ಪಕ್ಕದ ಹೊಲದವನು. ಎರಡು ವರ್ಷದಿಂದ ಮಲ್ಲಿಕಾಳ ಅವ್ವನ ತೋಟವನ್ನೂ ಅವನೇ ನೋಡಿಕೊಳ್ಳುತ್ತಿದ್ದ. ಮದುವೆ ಅಂತಾದರೆ ಇವನನ್ನೇ ಎಂದು ಮಲ್ಲಿಕಾ ನಿರ್ಧರಿಸಿಬಿಟ್ಟಿದ್ದ ಹುಡುಗ... ಈಗ ತಲೆ ತಗ್ಗಿಸಿ ನಿಂತಿದ್ದ.

ಅವನ ಹಿಂದೆ ಎತ್ತ ನೋಡಿದರೂ ತೊಗರಿ! ಹಳದಿ ಹೂ ಬಿಟ್ಟ, ಎದೆಯೆತ್ತರದ ತೊಗರಿ. ಬಾಳೆಯ ಒಂದು ಒಣಗಿದ ಬುಡವೂ ಅಲ್ಲಿರಲಿಲ್ಲ.

"ನಿನಗ ಕೇಳಾಕತ್ತೀನಿ, ಗುರು!"

"ಕಿತ್ತು ಹಾಕೀನಿ, ಮಲ್ಲಿ."

"ಯಾವಾಗ?"

"ಎಂಟು ತಿಂಗಳಾತು..."

ಎಂಟು ತಿಂಗಳು! ಹೋದ ವಾರವಷ್ಟೇ ಇವನು ಫೋನಿಗೆ ಕಳಿಸಿದ್ದ ಫೋಟೊ ನೋಡಿ, ಆಸ್ಪತ್ರೆಯ ಮಂಚದ ಮೇಲೆ ಅವ್ವ ಎಷ್ಟು ಹಿಗ್ಗಿದ್ದಳು! "ನೋಡವಾ, ನಮ್ಮ ಬಾಳಿ ಗೊನಿ ಹಾಕ್ಯಾವ" ಎಂದು ಪಕ್ಕದ ಮಂಚದವರಿಗೂ ತೋರಿಸಿದ್ದಳು. ಹಾಗಾದರೆ ಅದು ಯಾರ ತೋಟದ ಫೋಟೊ?

ಅವ್ವ ತೀರಿಕೊಂಡು ಇವತ್ತಿಗೆ ಮೂರು ದಿನ. ಸಮಾಧಿಗೆ ಎಡೆ ಇಡುವ ದಿನ. ಸತ್ತವರಿಗೆ ಇಷ್ಟವಾದದ್ದನ್ನು ಎಡೆಗೆ ಇಡಬೇಕು. ಅವ್ವ ಕಸ್ತೂರಿಬಾಯಿಗೆ ಇಷ್ಟವಾದದ್ದು ಏನು ಅಂತ ಕಮಲಾಪುರದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ, ಅವಳೇ ಬೆಳೆದ ಕೆಂಪು ಬಾಳೆಹಣ್ಣು!

ಎಂಥ ಹೆಂಗಸು ಅವಳು! ಊರಿನ ಯಾವ ಹೆಣ್ಣುಮಗಳಿಗೆ ಉಡಿ ತುಂಬಿದರೂ ಅಕ್ಕಿ, ಕೊಬ್ಬರಿಯ ಜೊತೆ ಒಂದು ಬಾಳೆಕಂದು ಕೊಟ್ಟೇ ಕಳಿಸುತ್ತಿದ್ದಳು. ಜನ ನಗುತ್ತಿದ್ದರು, ಮದುಮಗಳು ಸೀರೆ ಹಿಡಿಯಬೇಕೋ ಕಂದು ಹಿಡಿಯಬೇಕೋ ಅಂತ. ನಕ್ಕವರ ಹಿತ್ತಿಲಲ್ಲೂ ಈಗ ಅವಳ ಬಾಳೆಯಿದೆ. ಪ್ರತಿ ಗೊನೆಯಲ್ಲೂ ಒಂದು ಚಿಪ್ಪು ಹಕ್ಕಿಗಳಿಗೆ ಬಿಡುತ್ತಿದ್ದಳು. "ಅವಕ್ಕೇನು ಬಜಾರ ಅದ ಏನು?" ಎನ್ನುತ್ತಿದ್ದಳು.

ಅಂಥವಳಿಗೆ ಕಿಡ್ನಿ ಕೆಟ್ಟಿತು.

ಮಲ್ಲಿಕಾ ಕಲಬುರಗಿಯಲ್ಲಿ ಶಾಲೆಯ ಟೀಚರು. ಅಲ್ಲಿನ ಖೂಬಾ ಪ್ಲಾಟ್ ಬಡಾವಣೆಯ ಬಾಡಿಗೆ ಮನೆಗೆ ಅವ್ವನನ್ನು ಕರೆದುಕೊಂಡು ಹೋದಳು. ವಾರಕ್ಕೆ ಮೂರು ಸಲ ಡಯಾಲಿಸಿಸ್. ಬಾಳೆಹಣ್ಣು ಮುಟ್ಟಬಾರದು ಅಂದರು ಡಾಕ್ಟರು. ದಿನಕ್ಕೆ ಅಳೆದು ಕೊಟ್ಟ ನೀರು, ಅದರಲ್ಲೂ ಎರಡು ಗುಟುಕು ಉಳಿಸಿ ಕಿಟಕಿಯ ತುಳಸಿಗೆ ಹಾಕುತ್ತಿದ್ದಳು ಮುದುಕಿ! ಸೂಜಿ ಚುಚ್ಚುವಾಗೆಲ್ಲ ಮಲ್ಲಿಕಾ ಹೇಳುತ್ತಿದ್ದುದು ಒಂದೇ ಮಾತು... "ಜರಾ ತಡಕೋ ಅವ್ವಾ, ಗೊನಿ ಹಣ್ಣಾಗೂದ್ರಾಗ ತೋಟಕ್ಕ ಹೋಗೂಣು."

ಎರಡು ವರ್ಷ ಬಾಯಿಗೆ ಸೋಕದ ಆ ಹಣ್ಣನ್ನು ಇವತ್ತಾದರೂ ಅವ್ವನಿಗೆ ಕೊಡಬೇಕೆಂದು ಕುಡುಗೋಲು ಹಿಡಿದು ಓಡಿ ಬಂದಿದ್ದಳು.

"ತೊಗರಿ ಬಿತ್ತಿ ಗಂಜ್ ಬಜಾರಕ್ಕ ಒಯ್ದು ಮಾರಾಂವ ಇದ್ದಿ, ಹೌದಿಲ್ಲ? ಸಾಯೂ ಮುದುಕಿ ನೋಡಾಕ ಬರಂಗಿಲ್ಲ, ಮಗಳಿಗಿ ಪುರಸೊತ್ತಿಲ್ಲ, ಅಂದ್ಕೊಂಡಿ!"

"ಹಂಗಲ್ಲ ಮಲ್ಲಿ..."

"ಮತ್ತ ಹ್ಯಾಂಗ? ಹೇಳು!"

ಗುರುಲಿಂಗ ಬದುವಿನ ಮೇಲಿಟ್ಟಿದ್ದ ಒಂದು ಚಿಪ್ಪು ಕೆಂಪು ಬಾಳೆಹಣ್ಣು ತಂದು ಅವಳ ಮುಂದೆ ಹಿಡಿದ.

"ನಮ್ಮ ತೋಟದ್ದು. ಎಡಿಗಿ ತಗೊಂಡು ಹೋಗು."

'ಇವನ ತೋಟದ ಹಣ್ಣು! ಅದೇ ಫೋಟೊದ ಹಣ್ಣು!'

ಮಲ್ಲಿಕಾ ಚಿಪ್ಪನ್ನು ಕಿತ್ತುಕೊಂಡು ಮಣ್ಣಿಗೆ ಎಸೆದಳು.

"ನಮ್ಮವ್ವಗ ಸುಳ್ಳು ತೋರ್ಸಿ ತೋರ್ಸಿ ಸಾಯಿಸಿದಿ. ಇನ್ನ ನಿನ್ನ ಮಾರಿ ನೋಡಂಗಿಲ್ಲ ನಾ!"

ಅವನು ಕಣ್ಣು ಒರೆಸಿಕೊಂಡು ತನ್ನ ಹೊಲದ ಕಡೆ ನಡೆದುಬಿಟ್ಟ. ಅದು ಅವಳಿಗೆ ಇನ್ನಷ್ಟು ಸಿಟ್ಟು ತರಿಸಿತು. ಜಗಳಕ್ಕಾದರೂ ನಿಲ್ಲಬಾರದಿತ್ತೇ?

ಅಷ್ಟರಲ್ಲಿ ಸಾವಿತ್ರಿಬಾಯಿ ಏದುಸಿರು ಬಿಡುತ್ತಾ ಬಂದಳು. ಅವ್ವನ ಜೀವದ ಗೆಳತಿ, ಪಕ್ಕದ ಮನೆಯವಳು.

"ಎಲ್ಲಾರೂ ಎಡಿ ಹಿಡ್ಕೊಂಡು ಕುಂತಾರ, ನೀ ಇಲ್ಲಿ ಏನ್ ಮಾಡಾಕತ್ತಿ ಮಗಾ?" ಎಂದವಳು ಮಣ್ಣಲ್ಲಿ ಬಿದ್ದ ಹಣ್ಣು ನೋಡಿ ಗಕ್ಕನೆ ನಿಂತಳು. "ಅಯ್ಯ ಶಿವನೇ! ಆ ಹುಡುಗಗ ಬೈದೇನು?"

"ಮತ್ತ ಪೂಜಿ ಮಾಡ್ಲೇನು? ಅವ್ವನ ತೋಟ ಕಿತ್ತಾನ!"

"ಕಿತ್ತಾಂವ ಅವ. ಕೀಳ್ಸಿದಾಕಿ ನಿಮ್ಮವ್ವ."

ಮಲ್ಲಿಕಾಳಿಗೆ ಅರ್ಥವಾಗಲಿಲ್ಲ.

"ಎಂಟು ತಿಂಗಳ ಹಿಂದ ಅವ ಕಳ್ಸಿದ ನಿಮ್ಮ ತೋಟದ ಫೋಟೊದಾಗ ನಿಮ್ಮವ್ವಗ ಕೆಳಗಿನ ಎಲಿ ಅಂಚು ಹಳದಿ ಕಂಡ್ವಂತ. ನೀನೂ ನೋಡಿದ್ದಿ, ನಿನಗ ಕಾಣ್ಲಿಲ್ಲ. ಅಕಿ ಫೋನ್ ಮಾಡಿ, ಬುಡ ಸೀಳಿ ನೋಡು ಅಂದ್ಳು. ಒಳಗ ಕಂದು ಗೆರಿ! ಸೊರಗು ರೋಗ. ಮಣ್ಣಾಗ ಇಳದ್ರ ಸುತ್ತಿನ ತೋಟಾನೂ ಬಿಡಂಗಿಲ್ಲ ಅದು."

"ಅವ್ವಗ... ಗೊತ್ತಿತ್ತಾ?"

"ನೀ ಪರೀಕ್ಷಾ ಡ್ಯೂಟಿಗಿ ಹೋದ ದಿನ ಗುರುನ ಜೀಪಿನಾಗ ಬಂದ್ಳು. ಅಲ್ಲಿ ಕುರ್ಚಿ ಹಾಕ್ಕೊಂಡು ಕುಂತು, ಒಂದೊಂದೇ ಗಿಡ ಕೀಳ್ಸಿ ಸುಡ್ಸಿದ್ಳು. ನಂದು ಹೋದ್ರ ಹೋಗ್ಲಿ, ಊರಿಂದು ಉಳೀಲಿ ಅಂದ್ಳು. ಹೊಗಿ ಹೋಗೂತನಕ ಅತ್ತಳು, ಪಾಪ..."

ಮಲ್ಲಿಕಾ ಬದುವಿನ ಮೇಲೆ ಕುಸಿದು ಕುಳಿತಳು.

"ನನಗ ಯಾಕ ಹೇಳ್ಲಿಲ್ಲ?"

"ತೋಟದ ಆಸಿ ಹೋದ್ರ ನನ್ನ ಮಗಳು ಮುರದ ಬೀಳ್ತಾಳ ಅಂದ್ಳು. ಗುರುನ ಕಡೀಂದ ಆಣಿ ಮಾಡಿಸ್ಕೊಂಡ್ಳು, ನನ್ನ ಕಡೀಂದನೂ. ಇವತ್ತು ಮುರದೀನಿ, ಶಿವ ಕ್ಷಮಾ ಮಾಡ್ಲಿ."

ಅಂದರೆ... ಆ ಹಿಗ್ಗು? "ಗೊನಿ ಹಾಕ್ಯಾವ" ಅಂದ ಆ ನಗು? ಎಂಟು ತಿಂಗಳು ಅವ್ವ ತನ್ನೆದುರು ನಟಿಸಿದ್ದಳು! ಸೂಜಿ ಚುಚ್ಚಿಸಿಕೊಂಡು, ಇಲ್ಲದ ತೋಟದ ಕಡೆ ನೋಡಿ ನಕ್ಕಿದ್ದಳು. ಅತ್ತದ್ದು ಮಾತ್ರ ಬೇರೆಯವರ ಮುಂದೆ. ಹೆತ್ತ ಮಗಳ ಮುಂದಲ್ಲ!

ಇದೇನು? ದುಃಖವೋ, ಗುರುಲಿಂಗನ ಮೇಲಿನ ಹೊಟ್ಟೆಕಿಚ್ಚೋ...

ಮಣ್ಣಲ್ಲಿ ಬಿದ್ದ ಹಣ್ಣುಗಳನ್ನು ಆರಿಸಿ, ಸೆರಗಿನಲ್ಲಿ ಒರೆಸಿದಳು.

ಸಮಾಧಿಗೆ ವಿಭೂತಿ, ಬಿಲ್ವಪತ್ರೆ ಏರಿಸಿ, ಎಡೆ ಇಟ್ಟದ್ದಾಯಿತು. ಹೋಳಿಗೆಯ ಪಕ್ಕದಲ್ಲಿ ಎರಡು ಕೆಂಪು ಬಾಳೆಹಣ್ಣು. ಸೋದರಮಾವ ನಾಗಣ್ಣ "ಬಾರವಾ" ಎಂದು ಕರೆದ. ಅವಳು ಏಳಲಿಲ್ಲ. ಉಳಿದವರು ಊರ ಕಡೆ ನಡೆದರು.

ದೂರದಲ್ಲಿ ಬೇವಿನ ಗಿಡದ ಕೆಳಗೆ ಒಬ್ಬನೇ ನಿಂತಿದ್ದ ಗುರುಲಿಂಗ ಮೆಲ್ಲಗೆ ಬಂದ.

"ನಾ ಅಷ್ಟೆಲ್ಲಾ ಬೈದೆ... ಯಾಕ ಸುಮ್ಮನಿದ್ದಿ?"

"ನಿಮ್ಮವ್ವಗ ಮಾತು ಕೊಟ್ಟಿದ್ದೆ. ಮತ್ತ... ನಂಗ ಬೈದ್ರ ನಿನಗ ಹಗುರ ಆಗ್ತದ ಅನ್ಸಿತು."

"ಅಷ್ಟು ಪ್ರೀತಿ ಏನು?"

"ಅಷ್ಟೂ ಅದ."

ಬೇರೆ ದಿನವಾಗಿದ್ದರೆ ಈ ಮಾತಿಗೆ ಅವಳು ಕುಣಿದಾಡುತ್ತಿದ್ದಳು. ಇವತ್ತು ಸಮಾಧಿಯ ಕಡೆ ತಿರುಗಿದಳು.

"ಹಂಗಾದ್ರ ಒಂದು ಖರೇ ಹೇಳು, ಗುರು. ಅವತ್ತು ತೋಟದಾಗ ಅವ್ವ ನನ್ನ ಬಗ್ಗೆ ಏನಂದ್ಳು?"

ಅವನ ಮುಖ ಬಿಳಿಚಿತು.

"ಬ್ಯಾಡ ಮಲ್ಲಿ."

"ಇನ್ನೊಂದು ಸುಳ್ಳು ಹೇಳಿದಿ ಅಂದ್ರ, ನಾ ಈಗಿಂದೀಗ ಎದ್ದು ಹೋಗ್ತೀನಿ. ತಿರುಗಿ ಬರಂಗಿಲ್ಲ."

ಗುರುಲಿಂಗ ಅವಳ ಪಕ್ಕದಲ್ಲಿ ಮೊಣಕಾಲೂರಿ ಕುಳಿತ. ಸಮಾಧಿಯ ಹಸಿ ಮಣ್ಣಿನ ಮೇಲೆ ಕೈಯಿಟ್ಟ.

"'ನಾ ದಣದೀನಿ ಗುರು. ಸಾಕಾಗ್ಯದ. ಆದ್ರ ನನ್ನ ಮಗಳು ನನಗ ಹೋಗಗೊಡವಲ್ಲಳು'... ಹಂಗಂದ್ರು."

ಮಲ್ಲಿಕಾ ಬಾಯಿಗೆ ಸೆರಗು ತುರುಕಿಕೊಂಡಳು. ಆದರೂ ಅಳು ಹೊರಗೆ ಬಂದೇ ಬಂತು. ಗಟ್ಟಿ ಹಿಡಿದುಕೊಂಡಿದ್ದೇ ಪ್ರೀತಿ ಅಂದುಕೊಂಡಿದ್ದಳಲ್ಲ ಅವಳು... ಎರಡು ವರ್ಷ!

"ನಾ ಖರೇ ಕೇಳಿದ್ರೂ ನೀ ಸುಳ್ಳು ಹೇಳಬಾರದಿತ್ತೇನೋ..." ಬಿಕ್ಕುತ್ತಾ ಅವನ ಎದೆಗೆ ಗುದ್ದಿದಳು. "ಇದೊಂದು ಸುಳ್ಳು ಹೇಳಬಾರದಿತ್ತೇನೋ!"

ಅವನು ಗುದ್ದಿಸಿಕೊಂಡ. ಅವಳ ಕೈ ಸೋತು ನಿಂತಾಗ, ಆ ಕೈಯನ್ನು ಹಿಡಿದುಕೊಂಡ.

"ಸಿಟ್ಟು ಬಂದದ ಏನು?"

"ಭಾಳ ಬಂದದ. ನಿನ್ನ ಮ್ಯಾಲ, ಅವ್ವನ ಮ್ಯಾಲ, ನನ್ನ ಮ್ಯಾಲ..."

"ಕೈ ಬಿಡ್ಲಿ?"

ಮಲ್ಲಿಕಾ ತಲೆಯಾಡಿಸಿದಳು.

"ಬ್ಯಾಡ. ಆದ್ರ ಅವ್ವನಂಗ ನಾನೂ ಸಾಕು ಅಂದ ದಿನ, ಬಿಡಬೇಕು ನೋಡು."

ಗುರುಲಿಂಗನ ಕಣ್ಣು ತುಂಬಿ ಬಂತು.

"ಬಿಡ್ತೀನಿ," ಅಂದ.