ನಾಲಿಗೆಗೆ ಬಂದ ಸುಣ್ಣ

ದಾವಣಗೆರೆಯ ಆ ಬೆಣ್ಣೆ ದೋಸೆ ಹೋಟೆಲಿನಲ್ಲಿ ಕೈ ತೊಳೆಯುವ ಜಾಗಕ್ಕಿಂತ ನಾಲಿಗೆ ಕೆರೆಯುವ ಜಾಗವೇ ದೊಡ್ಡದು. ಸಾಲು ಬೇಸಿನ್‌ಗಳು, ಎದುರಿಗೆ ಕನ್ನಡಿ, ಬಾಯಿ ಅಗಲಿಸಿ ನಿಂತ ಜನ. ದಪ್ಪ ಮನುಷ್ಯನೊಬ್ಬ ಗಂಟಲಿನಾಳದಿಂದ ಕ್ಯಾಕರಿಸಿ, ಸ್ಟೀಲ್ ಪಟ್ಟಿಯಿಂದ ನಾಲಿಗೆ ಎಳೆದ. ಹಳದಿ ಬೆರೆತ ಬಿಳಿ ಲೋಳೆ ಬಂತು. ಅದನ್ನು ಬೆರಳಲ್ಲಿ ತಿಕ್ಕಿ ಪಕ್ಕದವನ ಮೂಗಿನ ಕೆಳಗೆ ಹಿಡಿದ.

"ನೋಡ್ರೀ, ಎಷ್ಟ್ ಗಟ್ಟಿ ಐತೆ!"

ಪಕ್ಕದವನು ಮೆಚ್ಚಿ ತಲೆದೂಗಿದ. ಅದೇ ಬೆರಳಲ್ಲಿ ದೋಸೆ ಮುರಿಯಲು ಇಬ್ಬರೂ ಒಳಗೆ ಹೋದರು.

ಡಾ. ಸಿಂಚನಾ ಮುಖ ತಿರುಗಿಸಿ ಗಲ್ಲಾದತ್ತ ನಡೆದಳು. ಈ ಹೇಸಿಗೆಯನ್ನು ಊರಿಗೆಲ್ಲ ಹಂಚಿದವಳು ಅವಳೇ.

ರಕ್ತನಾಳದ ಗೋಡೆಗೆ ಸುಣ್ಣದಂಶ ಅಂಟದಂತೆ ಕಾಯುವ ಪ್ರೋಟೀನೊಂದು ನಮ್ಮ ಮೈಯಲ್ಲಿದೆ. ಅದನ್ನು ಎಚ್ಚರಿಸುವುದು ವಿಟಮಿನ್ ಕೆ. ಸಿಂಚನಾ ಆ ವಿಟಮಿನ್ನಿನ ಅಣುವನ್ನೇ ತಿದ್ದಿ, ಆಗಲೇ ಅಂಟಿಕೊಂಡ ಸುಣ್ಣವನ್ನು ಬಿಡಿಸಿ ಎಂಜಲಿನ ಗ್ರಂಥಿಗಳಿಂದ ಹೊರಹಾಕುವ ಮಾತ್ರೆ ಮಾಡಿದ್ದಳು. ಮೂತ್ರದಲ್ಲೇ ಕಳಿಸಬಹುದಿತ್ತು. ಆದರೆ ಬೆಳಗೆದ್ದು ನಾಲಿಗೆ ಕೆರೆಯದೆ ಕಾಫಿ ಮುಟ್ಟದ ಜನ ನಾವು. ಕೊಳೆ ಕಣ್ಣಿಗೆ ಕಂಡರೆ ಮಾತ್ರೆ ತಪ್ಪಿಸುವುದಿಲ್ಲ ಎಂದುಕೊಂಡಿದ್ದಳು. ತಪ್ಪಿಸಲಿಲ್ಲ, ನಿಜ. ಪಥ್ಯ, ನಡಿಗೆ, ಬೇರೆ ಔಷಧಿ, ಮಿಕ್ಕದ್ದನ್ನೆಲ್ಲ ಬಿಟ್ಟರು.

ಗಲ್ಲಾದ ಹಿಂದೆ ಅವಳ ತಮ್ಮ ಚೇತನ್ ಕೂತಿದ್ದ. ಹೋಟೆಲು ಅವನದೇ. ದೇವರ ಪಟದ ಪಕ್ಕ, ಊದುಬತ್ತಿಯ ಹೊಗೆಯಲ್ಲಿ, ಗಾಜಿನ ಡಬ್ಬಿಯೊಂದಿತ್ತು. ಒಳಗೆ ನೆಲ್ಲಿಕಾಯಿ ಗಾತ್ರದ ಬೂದುಬಣ್ಣದ ಉಂಡೆ.

"ನಂದೇ ಅಕ್ಕ. ದಿನಾ ಕೆರೆದು ಕೂಡಿಟ್ಟಿದ್ದು. ಗಿರಾಕಿಗಳು ಫೋಟೋ ಹೊಡ್ಕೊಂಡ್ ಹೋಗ್ತಾರೆ."

"ಥೂ! ಎತ್ತಿ ಬಿಸಾಕೋ ಅದನ್ನ."

ಅವನು ಪಕಪಕ ನಕ್ಕ. ಸಿಂಚನಾ ನಗಲಿಲ್ಲ. ಅವನ ಎದೆಯ ಸ್ಕ್ಯಾನ್ ಚಿತ್ರವನ್ನು ತೆಗೆದು ಗಲ್ಲಾದ ಮೇಲಿಟ್ಟಳು.

"ಸುಣ್ಣ ಇಲ್ಲವೇ ಇಲ್ಲ," ಎಂದ ಚೇತನ್ ಹಿಗ್ಗಿ.

"ಅದೇ ಭಯ ಕಣೋ. ಸುಣ್ಣ ಕೊಳೆಯಲ್ಲ, ಹಕ್ಕಳೆ. ನಾಳದೊಳಗೆ ಕೊಬ್ಬು ತುಂಬಿ ಗಾಯವಾದಾಗ ಅದರ ಮೇಲೆ ಮೈ ಕಟ್ಟಿಕೊಂಡ ಹಕ್ಕಳೆ. ಮಾತ್ರೆಯ ಪ್ರಯೋಗಕ್ಕೆ ಬಂದವರು ಬೆಣ್ಣೆ ಬಿಟ್ಟಿದ್ರು, ನಡೀತಿದ್ರು, ಕೊಬ್ಬಿಳಿಸೋ ಔಷಧಿ ತಗೋತಿದ್ರು. ಹಕ್ಕಳೆ ಉದುರೋ ಹೊತ್ತಿಗೆ ಗಾಯ ಮಾಗಿತ್ತು. ನೀನು ಹಸಿ ಗಾಯ ದಿನಾ ಕೆರೀತಿದ್ದೀಯ. ಒಳಗೆ ಬರೀ ಮೆತ್ತನೆ ಕೊಬ್ಬು. ಒಡೆದ್ರೆ ಅಲ್ಲೇ ರಕ್ತ ಹೆಪ್ಪುಗಟ್ಟತ್ತೆ. ಇವತ್ತೇ ಮಾತ್ರೆ ನಿಲ್ಲಿಸಿ ನನ್ ಜೊತೆ ಆಸ್ಪತ್ರೆಗೆ ನಡಿ."

"ನಿಲ್ಲಿಸಿದ್ರೆ ಬೆಣ್ಣೆ ತಿನ್ನೋದ್ ಹೆಂಗೆ?" ಎಂದ ಅವನು. ಪ್ರಾಮಾಣಿಕವಾಗಿಯೇ ಕೇಳಿದ್ದ. ಅವಳಿಗೆ ಕಪಾಳಕ್ಕೆ ಬಿಡಬೇಕೆನಿಸಿತು.

ಬೆಣ್ಣೆ ತೊಟ್ಟಿಕ್ಕುವ ದೋಸೆ ಬಂತು. ಚೇತನ್ ಮಾತ್ರೆಯನ್ನು ಬಾಯಿಗೆಸೆದುಕೊಂಡು ತಟ್ಟೆ ಎಳೆದುಕೊಂಡ. ಅವಳು ತಟ್ಟೆ ಕಿತ್ತುಕೊಂಡಳು. ಅವನು ಬೈಯಲು ಬಾಯಿ ತೆರೆದವನು ಹಾಗೇ ನಿಂತು ಎಡತೋಳು ತಿಕ್ಕಿಕೊಂಡ. ಹಣೆಯಲ್ಲಿ ಬೆವರು ಇಳಿಯಿತು.

ಆಂಬ್ಯುಲೆನ್ಸ್ ಬಂದು ಸ್ಟ್ರೆಚರ್ ಮೇಲೆ ಮಲಗಿಸಿದಾಗ ಅವನು ಕಷ್ಟಪಟ್ಟು ಕೈ ಚಾಚಿದ. ಅಕ್ಕನ ಕೈಗಾಗಿ ಎಂದುಕೊಂಡು ಅವಳು ಹಿಡಿದಳು.

"ಪಟ್ಟಿ ಕೊಡಕ್ಕ," ಎಂದ ಅವನು ಏದುಸಿರಿನಲ್ಲಿ. "ಒಂದ್ ಸಲ ಕೆರೆದ್ರೆ ಸರಿಹೋಗ್ತದೆ."

ಬೇಸಿನ್‌ಗಳ ಸಾಲು ಕದಲಲಿಲ್ಲ. ಲೋಳೆ ಮೆತ್ತಿದ ತುಟಿಯ ಒಬ್ಬಾತ ಕನ್ನಡಿಯಲ್ಲೇ ಇಣುಕಿ, "ಡೋಸ್ ಕಮ್ಮಿ ಆಗಿರ್ಬೇಕು," ಎಂದು ಮತ್ತೆ ನಾಲಿಗೆ ಚಾಚಿದ.

ತಮ್ಮನ ತಲೆಯ ಬಳಿ ಕೂತ ಸಿಂಚನಾಗೆ ಅಪ್ಪ ಕಣ್ಣಮುಂದೆ ಬಂದರು. ಅವಳಿನ್ನೂ ಶಾಲೆಗೆ ಹೋಗುತ್ತಿದ್ದ ಕಾಲ. ಅಂಗಡಿಯಲ್ಲಿ ಯಾರು ಬೇಕಾದರೂ ಕೊಳ್ಳಬಹುದಾಗಿದ್ದ ಬರೀ ವಿಟಮಿನ್ ಕೆ ಮಾತ್ರೆ ಆಗ ಸಿಗುತ್ತಿತ್ತು. ಕಟ್ಟಿಕೊಂಡ ನಾಳವನ್ನು ಅದು ತೊಳೆಯುತ್ತದೆಂದು ಯಾರೂ ಸಾಬೀತು ಮಾಡಿರಲಿಲ್ಲ. ಅಪ್ಪ ಅದನ್ನು ನುಂಗಿ, ವೈದ್ಯರು ಬರೆದುಕೊಟ್ಟ ಔಷಧಿಯ ಚೀಟಿಯನ್ನು ಜೇಬಿನಲ್ಲೇ ಮಡಚಿಟ್ಟು, ಇದೇ ಹೋಟೆಲಿನಲ್ಲಿ ತಟ್ಟೆ ಮುಂದೆ ತಳ್ಳಿ ನಗುತ್ತಿದ್ದರು:

"ಮಾತ್ರೆ ತಗೊಂಡಿದ್ದೀನಲ್ಲ, ಇನ್ನೊಂಚೂರು ಬೆಣ್ಣೆ ಹಾಕು."