ಬಿಚ್ಚಿದವರು ಬರೆದಿಡಿ

ಸೋಮವಾರ ಬೆಳಿಗ್ಗೆ ತಿ. ನರಸೀಪುರ ಠಾಣೆಗೆ ಬರುವವರಲ್ಲಿ ಹೆಚ್ಚಿನವರು ಭಾನುವಾರ ಕುಡಿದು ಹೊಡೆದಾಡಿದವರು, ಇಲ್ಲವೇ ಅವರ ಹೆಂಡತಿಯರು. 2004ರ ಜುಲೈ 12ರಂದು ಹತ್ತು ಗಂಟೆಗೆ ಬಂದ ನಂಜುಂಡ ಆ ಎರಡೂ ಗುಂಪಿನವನಲ್ಲ. ಜೇಬಿನಲ್ಲಿ ಟೆಸ್ಟರು, ಕೈಯಲ್ಲಿ ಎರಡು ಪುಟದ ದೂರು, ಮುಖ ಮಾತ್ರ ಸಾವಿನ ಮನೆಯಿಂದ ಎದ್ದು ಬಂದವನ ಹಾಗೆ.

“ಮಿಷನ್ ಕಳ್ತನ ಆಗದೆ ಸಾ.”

“ಹೊಲಿಗೆ ಮಿಷನ್ನಾ?” ಸಬ್ ಇನ್‌ಸ್ಪೆಕ್ಟರ್ ಶಿವಸ್ವಾಮಿ ಕೇಳಿದರು.

“ಅಲ್ಲ ಸಾ. ವೈಂಡಿಂಗ್ ಮಿಷನ್. ಸುಟ್ಟೋದ ಮೋಟ್ರಿಗೆ ಹೊಸ ತಂತಿ ಸುತ್ತೋದು.”

“ಯಾರದ್ದು?”

“ಎಲ್ಲಾರ್ದೂವೆ.”

ಎಲ್ಲರದೂ ಎಂದು ಬರೆಯಲು ಎಫ್‌ಐಆರ್ ಫಾರಮ್ಮಿನಲ್ಲಿ ಜಾಗವಿಲ್ಲ. ಹೆಡ್ ಕಾನ್‌ಸ್ಟೆಬಲ್ ನಾಗಯ್ಯ ಪೆನ್ನು ಎತ್ತಿ ಹಿಡಿದು ಸಾಹೇಬರ ಮುಖ ನೋಡಿದ. ಮೂವತ್ತು ವರ್ಷದ ಸರ್ವಿಸಿನಲ್ಲಿ ದನ, ಬೋರ್‌ವೆಲ್ ಕೇಬಲ್ಲು, ದೇವರ ಬೆಳ್ಳಿ ಕಣ್ಣು ಎಲ್ಲದರ ಕಳ್ಳತನ ಬರೆದಿದ್ದ, ಮಾಲೀಕನೇ ಇಲ್ಲದ ಮಾಲು ಬರೆದಿರಲಿಲ್ಲ. ಕೊನೆಗೆ ‘ಕೈಕಸುಬು ಬಳಗದ ಪರವಾಗಿ ಕಾರ್ಯದರ್ಶಿ ನಂಜುಂಡ’ ಎಂದು ಬರೆದು, ಐಪಿಸಿ ಕಲಂ 380ರ ಪ್ರಕಾರ ಕೇಸು ದಾಖಲಾಯಿತು. ಸಮಯ 10:40.

ಬಳಗವೆಂದರೆ ಊರಾಚೆಯ ಮುಚ್ಚಿದ ಅಕ್ಕಿ ಗಿರಣಿಯ ಗೋಡೌನು. ಐಟಿಐ ಓದಿ ಕೆಲಸ ಸಿಗದ ನಂಜುಂಡನೂ ಅವನ ಗೆಳೆಯರೂ ಐದು ವರ್ಷದ ಹಿಂದೆ ಅದರ ಬೀಗ ತೆಗೆಸಿದ್ದರು. ಕೆಟ್ಟ ರೇಡಿಯೋ, ಪಂಪಿನ ಸ್ಟಾರ್ಟರು, ಸ್ಪ್ರೇಯರು, ಏನು ತಂದರೂ ಅಲ್ಲಿ ರಿಪೇರಿ. ಸೈಕಲ್ ಪೆಡಲಿನಿಂದ ಕಡ್ಲೆಕಾಯಿ ಬಿಡಿಸುವ ಯಂತ್ರ ಮಾಡಿದ್ದರು. ತ್ರೀ ಫೇಸ್ ಕರೆಂಟು ಬಂದರೆ ತಾನಾಗಿಯೇ ಹೊಡೆದುಕೊಳ್ಳುವ ಗಂಟೆ ಮಾಡಿದ್ದರು. ಯಾರು ಬೇಕಾದರೂ ಬರಬಹುದು, ಹತಾರ ಮುಟ್ಟಬಹುದು, ಕಲಿಯಬಹುದು ಎಂದು ಬೋರ್ಡಿನಲ್ಲಿತ್ತು. ಬೀಗದ ಕೈ ಬಾಗಿಲ ಮೇಲಿನ ಸಂದಿಯಲ್ಲಿರುತ್ತದೆಂದು ಊರಿಗೆಲ್ಲ ಗೊತ್ತು. ಇನ್ನು ಕಳ್ಳನಿಗೆ ಗೊತ್ತಿಲ್ಲದೆ ಇರುತ್ತದೆಯೇ?

11:30ಕ್ಕೆ ಪಂಚನಾಮೆ. ಬೀಗ ಒಡೆದಿಲ್ಲ, ಹೆಂಚು ಸರಿಸಿಲ್ಲ. ಬೆಂಚಿನ ಮೇಲೆ ನಾಲ್ಕು ಬೋಲ್ಟಿನ ತೂತು ಮಾತ್ರ. ಬೋಲ್ಟುಗಳನ್ನು ಸ್ಪ್ಯಾನರಿನಿಂದ ಬಿಚ್ಚಿ, ನಟ್ಟುಗಳನ್ನು ಮತ್ತೆ ಅವಕ್ಕೇ ಹಾಕಿ ಸಾಲಾಗಿ ಜೋಡಿಸಿದ್ದರು. ಕೆಳಗೆ ಒಂಬತ್ತು ಸುಟ್ಟ ಮೋಟರುಗಳು ಸರದಿ ಕಾಯುತ್ತಿದ್ದವು. ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಒಂದೇ ಸಾಲು: ‘ಬಿಚ್ಚಿದವರು ಬರೆದಿಡಿ.’

“ಇದೇನಿದು?” ಶಿವಸ್ವಾಮಿ ಕೇಳಿದರು.

“ನಮ್ಮ ಕಾನೂನು ಸಾ,” ಎಂದ ನಂಜುಂಡ. “ಯಾವ್ದೇ ಸಾಮಾನು ಬಿಚ್ಚಿದ್ರೂ ಏನ್ ಮಾಡ್ದೆ, ಯಾವತ್ತು ಮಾಡ್ದೆ ಅಂತ ಮುಚ್ಚಳದ ಒಳಗಡೆ ಬರೀಬೇಕು. ಮುಂದೆ ಬಿಚ್ಚೋನು ಒದ್ದಾಡಬಾರ್ದು ಅಂತ.”

“ಇಲ್ಲಿಗೆ ಯಾರ್ಯಾರು ಬರ್ತಾರೆ?”

ನಂಜುಂಡ ಹನ್ನೊಂದು ಹೆಸರು ಹೇಳಿದ. ನಾಗಯ್ಯ ಹನ್ನೊಂದೂ ಬರೆದುಕೊಂಡ. ಭಾನುವಾರ ಹನ್ನೊಂದು ಜನವೂ ತಲಕಾಡಿನಲ್ಲಿ ಗೆಳೆಯನ ಮದುವೆಯಲ್ಲಿದ್ದರು.

ಕಾನ್‌ಸ್ಟೆಬಲ್ ವನಜಾಕ್ಷಿ ಬಗ್ಗಿ ನೆಲ ನೋಡುತ್ತಿದ್ದಳು. “ಒಂದು ಹೆಜ್ಜೆ ಗುರುತೂ ಇಲ್ಲ ಸಾರ್. ಗುಡಿಸಿದ್ದಾರೆ. ಯಾರು ಗುಡಿಸೋದು?”

“ಓ, ಅದಾ? ಹೆಮ್ಮಿಗೆಯಿಂದ ಮಲ್ಲಾಜಮ್ಮ ಅಂತ ಒಬ್ರು ಬತ್ತಾರೆ,” ಎಂದ ನಂಜುಂಡ. ಹನ್ನೊಂದರಲ್ಲಿ ಆ ಹೆಸರಿರಲಿಲ್ಲ.

ಮಲ್ಲಾಜಮ್ಮ ಬಾಗಿಲಾಚೆ ಪೊರಕೆ ಹಿಡಿದು ನಿಂತಿದ್ದಳು. ನಲವತ್ತರ ಆಸುಪಾಸು, ಎಣ್ಣೆ ಹಾಕಿ ಬಿಗಿದ ತುರುಬು.

“ನಿನ್ನೆ ಬಂದಿದ್ಯಾ?” ನಾಗಯ್ಯ ಕೇಳಿದ.

“ಬಂದಿದ್ದೆ ಸಾ. ಏಳು ಗಂಟೆಗೆ.”

“ಬಾಗ್ಲು ತೆಗೆದಾಗ ಮಿಷನ್ ಇತ್ತಾ?”

“ಇತ್ತು ಸಾ.”

“ಸರಿ, ಹೋಗು.”

ಮೂವತ್ತು ವರ್ಷದ ಸರ್ವಿಸು, ಆದರೂ ನೋಡಿ, ಬಾಗಿಲು ಹಾಕಿದಾಗ ಇತ್ತಾ ಎಂದು ಅವನು ಕೇಳಲಿಲ್ಲ. ಶಿವಸ್ವಾಮಿಯವರಿಗೂ ಹೊಳೆಯಲಿಲ್ಲ. ಪಂಚರು ಸಹಿ ಹಾಕಿದರು, ಜೀಪು ಹೊರಟಿತು.

ಮುಂದಿನ ಹತ್ತು ದಿನ ಗುಜರಿ ಅಂಗಡಿಗಳ ಧೂಳು ಕುಡಿದಿದ್ದೇ ಬಂತು. ನರಸೀಪುರದಲ್ಲಿ ಮೂರು, ನಂಜನಗೂಡಿನಲ್ಲಿ ಐದು, ಮೈಸೂರಿನಲ್ಲಿ ಲೆಕ್ಕವಿಲ್ಲದಷ್ಟು. ಹದಿನೆಂಟು ಕೆ.ಜಿ. ತೂಕ, ಹಸಿರು ಬಣ್ಣ, ಕೈಯಲ್ಲಿ ತಿರುಗಿಸುವ ಮರದ ಹಿಡಿ, ಸುತ್ತು ಎಣಿಸುವ ಮೀಟರು, ಮೈಮೇಲೆ ಬಿಳಿ ಬಣ್ಣದಲ್ಲಿ 7. ಯಾರೂ ನೋಡಿಲ್ಲ. ನಂಜುಂಡ ದಿನಾ ಸಂಜೆ ಠಾಣೆಗೆ ಬಂದು ಬೆಂಚಿನ ತುದಿಯಲ್ಲಿ ಕೂರುತ್ತಿದ್ದ.

“ಸಿಕ್ತಾ ಸಾ?”

“ಸಿಕ್ಕಿದ್ರೆ ಹೇಳಲ್ವೇನಯ್ಯಾ?”

“ಭತ್ತ ನಾಟಿ ಟೈಮು ಸಾ. ಮೋಟ್ರು ಇಟ್ಕಂಡು ಜನ ಬೈತಾ ಅವ್ರೆ. ಇಂಗೇ ಆದ್ರೆ ಗೋಡೌನ್ ಬಾಗ್ಲು ಹಾಕ್ಬೇಕಾಯ್ತದೆ.”

ಜುಲೈ 22, ಗುರುವಾರ. ಮಧ್ಯಾಹ್ನ 3:15ಕ್ಕೆ ನಂಜುಂಡ ಏದುಸಿರು ಬಿಡುತ್ತಾ ಬಂದ. ಕೈಯಲ್ಲಿ ಮೋಟರಿನ ಮುಚ್ಚಳ.

“ಹೆಮ್ಮಿಗೆ ಕೆಂಪಾಜಮ್ಮನೋರ ಮೋಟ್ರು ಸಾ. ಬೇರಿಂಗ್ ಕೂಗ್ತದೆ ಅಂತ ಇವತ್ತು ತಂದ್ರು. ಬಿಚ್ಚಿದ್ರೆ ಇದು.”

ಮುಚ್ಚಳದ ಒಳಮೈಯಲ್ಲಿ ಮೊಳೆಯಿಂದ ಗೀಚಿದ ಅಕ್ಷರಗಳು. ಶಿವಸ್ವಾಮಿ ಬೆಳಕಿಗೆ ಹಿಡಿದು ಓದಿದರು: ‘ಹೊಸ ವೈಂಡಿಂಗ್. 20 ನಂಬರ್ ತಂತಿ, 62 ಸುತ್ತು. ವಾರ್ನಿಷ್ ಎರಡು ಸಲ. 18-7-2004. ಮ.’

“ಮಿಷನ್ ಹೋದ ಮೇಲಿನ ತಾರೀಕು,” ಎಂದರು.

“ಊಂ ಸಾ. ಮುಚ್ಚಳದೊಳಗೆ ಬರಿಯೋದು ನಮ್ಮ ಬಳಗದೋರು ಮಾತ್ರ. ಬೇರೆ ಯಾವ ಮೆಕ್ಯಾನಿಕ್ಕೂ ಬರಿಯಲ್ಲ, ಗುಟ್ಟು ಬಿಟ್ಕೊಡಲ್ಲ. ಆದ್ರೆ ನಮ್ಮಲ್ಲಿ ‘ಮ’ ಅನ್ನೋರು ಯಾರೂ ಇಲ್ಲ.” ಮನಸ್ಸಿಲ್ಲದ ಮನಸ್ಸಿನಿಂದ ಸೇರಿಸಿದ, “ಕೆಲ್ಸ ಮಾತ್ರ ಒಂದು ಕೂದಲೂ ಆಚೀಚೆ ಇಲ್ಲ ಸಾ. ನನಗೂ ಇಂಗೆ ಸುತ್ತಕ್ಕೆ ಬರಲ್ಲ.”

ವನಜಾಕ್ಷಿ ಆ ಅಕ್ಷರದ ಮೇಲೆ ಬೆರಳಿಟ್ಟಳು. “ಇದ್ದಾರಲ್ಲ. ಗುಡಿಸೋರು.”

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು. ನಾಗಯ್ಯ ತನ್ನ ಹನ್ನೊಂದು ಹೆಸರಿನ ಪಟ್ಟಿಯನ್ನು ಫೈಲಿನಲ್ಲಿ ಕೆಳಗೆ ತಳ್ಳಿದ.

ಜೀಪು ಹೋದಾಗ ಕೆಂಪಾಜಮ್ಮ ಇನ್ನೂ ಗೋಡೌನಿನಲ್ಲೇ ಇದ್ದಳು. ಎರಡೆಕರೆ ಗದ್ದೆ ತಾನೇ ಮಾಡಿಸುವ, ಯಾರಿಗೂ ಜಗ್ಗದ ಹೆಂಗಸು.

“ಮೋಟ್ರು ಸುತ್ತಿದ್ದು ಯಾರಮ್ಮ?” ಶಿವಸ್ವಾಮಿ ಕೇಳಿದರು.

“ಯಾರೋ ಬಂದ್ರು, ಮಾಡಿದ್ರು, ಓದ್ರು.”

“ಹೆಸರು?”

“ಎಸ್ರು ಕಟ್ಕಂಡು ನಂಗೇನಾಗಬೇಕು ಸಾ? ನೀರು ಬಂತು, ಪೈರು ಉಳೀತು.”

“ಮಲ್ಲಾಜಮ್ಮನಾ?”

ಕೆಂಪಾಜಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. “ಆಗಿದ್ರೆ ಏನೀಗ? ಇಲ್ಲಿ ಮಡಗಿದ್ರೆ ಇಪ್ಪತ್ತು ದಿನ. ಅವಳು ಎರಡೇ ದಿನಕ್ಕೆ ಮಾಡ್ಕೊಟ್ಲು. ಇತ್ತಲ ಗಿಡ ಮದ್ದಲ್ಲ ಕಣ್ರೀ ನಿಮಗೆಲ್ಲ.” ಕೊನೆಯ ಮಾತು ನಂಜುಂಡನ ಕಡೆ ತಿರುಗಿ ಹೇಳಿದ್ದು.

ಜುಲೈ 24, ಶನಿವಾರ, ಬೆಳಿಗ್ಗೆ 11:15. ಶೋಧನಾ ವಾರೆಂಟು, ಇಬ್ಬರು ಪಂಚರು, ಗುರುತು ಹಿಡಿಯಲು ನಂಜುಂಡ. ಹೆಮ್ಮಿಗೆಯಲ್ಲಿ ಮಲ್ಲಾಜಮ್ಮನ ಮನೆ ಹಿಂದಿನ ಕೊಟ್ಟಿಗೆಯಿಂದ ಕಿರ್ ಕಿರ್ ಎಂದು ಒಂದೇ ಸಮನೆ ಸದ್ದು ಬರುತ್ತಿತ್ತು. ಒಳಗೆ ಗೋಣಿ ಹೊದಿಸಿದ ಪೆಟ್ಟಿಗೆಯಲ್ಲಿ ಇನ್ನೂರು ವ್ಯಾಟಿನ ಬಲ್ಬು ಉರಿಯುತ್ತಿತ್ತು, ವಾರ್ನಿಷ್ ಒಣಗಿಸಲು. ಅದರ ಪಕ್ಕ ಏಳನೇ ನಂಬರಿನ ಮಿಷನ್. ಅದರ ಮುಂದೆ ಮಣೆಯ ಮೇಲೆ ಮಲ್ಲಾಜಮ್ಮ.

ಖಾಕಿ ಕಂಡರೂ ಅವಳ ಕೈ ನಿಲ್ಲಲಿಲ್ಲ. “ಒಂದ್ ಗಳಿಗೆ ಸಾ. ನಡುವೆ ಬುಟ್ರೆ ತಂತಿ ಸಡಿಲಾಯ್ತದೆ. ನಲವತ್ತೊಂದು, ನಲವತ್ತೆರಡು...”

ನಾಗಯ್ಯ ಬಾಯಿ ತೆರೆದ. ಶಿವಸ್ವಾಮಿ ಕೈಸನ್ನೆಯಲ್ಲೇ ತಡೆದರು. ಹೀಗೆ ಒಬ್ಬ ಸಬ್ ಇನ್‌ಸ್ಪೆಕ್ಟರು, ಇಬ್ಬರು ಪೊಲೀಸರು, ಇಬ್ಬರು ಪಂಚರು, ಜೊತೆಗೆ ನಂಜುಂಡ, ಕೊಟ್ಟಿಗೆಯ ಬಾಗಿಲಲ್ಲಿ ಅರವತ್ತೆರಡರವರೆಗೆ ಕಾದರು. ಐವತ್ತು ದಾಟಿದ ಮೇಲೆ ನಾಗಯ್ಯನ ತುಟಿಯೂ ಅಲ್ಲಾಡುತ್ತಿತ್ತು. ಸುತ್ತಿದ ತಂತಿಯ ಕಾಯ್ಲು ಕಟ್ಟಿ, ಗಂಟು ಹಾಕಿ, ದಾರ ಕಡಿದು ಅವಳು ಎದ್ದಳು.

“ಹೇಗೆ ತಂದೆ?” ಶಿವಸ್ವಾಮಿ ಕೇಳಿದರು.

“ಕಸದ ಮಂಕರೀಲಿ ಮಡಗಿ, ಮೇಲೆ ಕಸ ಸುರ್ದು, ತಲೆ ಮೇಲೆ ಒತ್ಕೊಂಡು ಬಸ್ ಅತ್ತಿದೆ ಸಾ. ಕಂಡಕ್ಟರು ಮೂಗು ಮುಚ್ಕೊಂಡು ಇಂದಕ್ಕೆ ಓಗು ಅಂದ.”

“ಮಾರೋಕಾ?”

“ಮಾರೋಕಾ?” ಅವಳಿಗೆ ನಿಜಕ್ಕೂ ಸಿಟ್ಟು ಬಂತು. “ನಂಜನಗೂಡಲ್ಲಿ ಮೋಟ್ರು ಫ್ಯಾಕ್ಟ್ರೀಲಿ ಅನ್ನೊಂದು ವರ್ಷ ಇದರ ಮುಂದೆ ಕೂತಿದ್ದೆ ಸಾ. ಏಳನೇ ನಂಬರ್. ಹಿಡಿ ನೋಡಿ, ಸವೆದಿರೋದು ನನ್ ಕೈಗೇ. ಫ್ಯಾಕ್ಟ್ರಿ ಮುಚ್ತು, ಇಪ್ಪತ್ತು ಎಂಗಸ್ರು ಮನೆಗೆ ಬಂದೋ. ಎರಡು ವರ್ಷ ನಿದ್ದೇಲೂ ಕೈ ತಿರುಗೋದು, ಮಗಳು ಅಲ್ಲಾಡಿಸಿ ಎಬ್ಬಿಸೋಳು. ಒಂದಿನ ಕೂಲಿಗೆ ಅಂತ ಗೋಡೌನ್ ಗುಡ್ಸಕ್ಕೆ ಓದ್ರೆ, ಬೆಂಚ್ ಮೇಲೆ ಇದು ಕೂತದೆ! ಎದೆ ಒಡ್ದೋದಂಗಾಯ್ತು.”

ಬಳಗದವರು ಮಿಷನ್ನನ್ನು ಆ ಫ್ಯಾಕ್ಟರಿಯ ಗುಜರಿ ಹರಾಜಿನಲ್ಲಿ ತಂದಿದ್ದರು. ನಂಜುಂಡ ಕೊಟ್ಟಿಗೆಯ ಗೂಟ ಹಿಡಿದು ನಿಂತಿದ್ದ.

“ಕೇಳಿ ಕೆಲಸ ಮಾಡ್ಬೋದಿತ್ತಲ್ಲಮ್ಮ? ಯಾರು ಬೇಕಾದ್ರೂ ಬರಬಹುದು ಅಂತ ಬೋರ್ಡೇ ಇದೆ,” ಎಂದರು ಶಿವಸ್ವಾಮಿ.

“ಕೇಳ್ದೆ ಸಾ. ಮೂರ್ ಸಲ ಕೇಳ್ದೆ. ಮೊದಲ್ನೇ ಸಲ ನಂಜುಂಡಪ್ಪೋರು ನಕ್ಕರು. ಎರಡ್ನೇ ಸಲ, ಕೈ ಸಿಗಾಕ್ಕಂಡ್ರೆ ಯಾರು ನೋಡ್ಕೊಳೋರು ಅಂದ್ರು. ಮೂರ್ನೇ ಸಲ, ಮೂಲೇಲಿ ತಂತಿ ಚೂರು ಬಿದ್ದದೆ ಗುಡ್ಸು ಅಂದ್ರು.”

ಮೊದಲೆರಡು ಸಲದ್ದು ನಂಜುಂಡನಿಗೆ ನೆನಪೇ ಇರಲಿಲ್ಲ, ಮೂರನೆಯದು ಈಗ ನೆನಪಾಯಿತು.

“ಮುಚ್ಚಳದಲ್ಲಿ ಯಾಕೆ ಬರೆದೆ? ಸಿಕ್ಕಿಬೀಳ್ತೀನಿ ಅನ್ನಿಸಲಿಲ್ವಾ?”

“ಅನ್ನುಸ್ತು ಸಾ. ಮೊಳೆ ಇಡ್ಕಂಡು ಬಾಳ ಒತ್ತು ಕೂತಿದ್ದೆ. ಬರೀದೆ ಬುಟ್ರೆ ಮುಂದೆ ಬಿಚ್ಚೋರಿಗೆ ಎಷ್ಟು ಸುತ್ತು ಅಂತ ಎಂಗೆ ಗೊತ್ತಾಗಬೇಕು?”

12:05ಕ್ಕೆ ಜಪ್ತಿ ಪಂಚನಾಮೆ ಮುಗಿಯಿತು. ವೈಂಡಿಂಗ್ ಮಿಷನ್ ಒಂದು. ತಾಮ್ರದ ತಂತಿಯ ಸುರುಳಿ ಎರಡು, ಆರೋಪಿಯೇ ಖರೀದಿಸಿದ್ದು, ರಸೀದಿ ಇದೆ. 12:20ಕ್ಕೆ ವನಜಾಕ್ಷಿ ದಸ್ತಗಿರಿ ಮಾಡಿದಳು. ಹೊರಡುವಾಗ ಮಲ್ಲಾಜಮ್ಮ ಬಲ್ಬಿನ ಪೆಟ್ಟಿಗೆ ತೋರಿಸಿ, ಅದರಲ್ಲಿರುವ ಮೋಟರು ದೇವನೂರಿನವರದು, ಸಂಜೆವರೆಗೆ ಬಲ್ಬು ಆರಿಸಬಾರದು ಎಂದು ಮಗಳಿಗೆ ಎರಡು ಸಲ ಹೇಳಿದಳು.

ಠಾಣೆಯಲ್ಲಿ ನಂಜುಂಡ ಮೇಜಿಗೆ ಒರಗಿ ನಿಂತ. “ಕಂಪ್ಲೇಂಟ್ ವಾಪಸ್ ತಗೋತೀನಿ ಸಾ.”

“ಎಫ್‌ಐಆರ್ ಆದ್ಮೇಲೆ ನಿನ್ನ ಕೈಲೂ ಇಲ್ಲ, ನನ್ನ ಕೈಲೂ ಇಲ್ಲ. ಕೋರ್ಟ್ ನೋಡ್ಕೊಳ್ಳುತ್ತೆ.”

ಅವನು ಮಲ್ಲಾಜಮ್ಮನ ಕಡೆ ತಿರುಗಿದ. “ತಪ್ಪಾಯ್ತು ಕಣಕ್ಕ. ಕೇಸ್ ಮುಗೀಲಿ, ಮಿಷನ್ ಬರಲಿ. ಆಮೇಲೆ ಅದರ ಮುಂದೆ ನೀವೇ ಕೂತ್ಕಳಿ.”

“ಯಾವಾಗ ಮುಗಿದದು?”

ನಂಜುಂಡ ಸಾಹೇಬರನ್ನು ನೋಡಿದ. ಸಾಹೇಬರು ಫೈಲು ನೋಡಿದರು. ನಾಗಯ್ಯ ತಡೆಯಲಾರದೆ, “ಎರಡು ವರ್ಷ, ಮೂರು ವರ್ಷ,” ಎಂದ.

“ಅಲ್ಲೀಗಂಟ ಬೆರಳಿಗೆ ಮರ್ತೋಗಲ್ವಾ ಅಪ್ಪಾ?” ಎಂದಳು ಮಲ್ಲಾಜಮ್ಮ, ಮತ್ತು ಅಲ್ಲಿಯವರೆಗೆ ಅಳದವಳು ಅತ್ತಳು.

ಕೆಂಪಾಜಮ್ಮ ಪಹಣಿ ತಂದು ಜಾಮೀನು ನಿಂತಳು. ಪ್ರತಿ ಭಾನುವಾರ ಠಾಣೆಗೆ ಬಂದು ಸಹಿ ಹಾಕಬೇಕೆಂಬುದು ಷರತ್ತು. ಮಿಷನ್ನು ಚೀಟಿ ಕಟ್ಟಿಸಿಕೊಂಡು ಠಾಣೆಯ ಹಿಂದೆ ಜಪ್ತಿ ಮಾಲು ಇಡುವ ಮುದ್ದೆಮಾಲು ಕೋಣೆ ಸೇರಿತು, ಕದ್ದ ಸೈಕಲ್ಲುಗಳ ಮತ್ತು ಕಳ್ಳಭಟ್ಟಿ ಕೊಡಗಳ ನಡುವೆ. ಬಳಗದವರು ಅದನ್ನು ಬಿಡಿಸಿಕೊಡಿ ಎಂದು ಕೋರ್ಟಿಗೆ ಹಾಕಿದ ಅರ್ಜಿ ಒಂದು ವಾಯಿದೆಯಿಂದ ಇನ್ನೊಂದು ವಾಯಿದೆಗೆ ಹೋಗುತ್ತಿತ್ತು.

ಆಗಸ್ಟಿನಲ್ಲಿ ದೋಷಾರೋಪಣೆ ಪಟ್ಟಿ ಸಿದ್ಧವಾಯಿತು. ಅಪರಾಧದ ಉದ್ದೇಶ ಎಂಬಲ್ಲಿ ನಾಗಯ್ಯ ಅಭ್ಯಾಸಬಲದಿಂದ ‘ಹಣದ ದುರಾಸೆ’ ಎಂದು ಬರೆದಿದ್ದ. ಶಿವಸ್ವಾಮಿ ಅದನ್ನು ಹೊಡೆದು ಹಾಕಿದರು. ಪೆನ್ನು ಹಿಡಿದು ಸುಮಾರು ಹೊತ್ತು ಕೂತು, ‘ಆರೋಪಿಗೆ ಈ ಕೆಲಸ ಬರುತ್ತಿತ್ತು. ಮಾಡಲು ಎಡೆ ಸಿಗಲಿಲ್ಲ’ ಎಂದು ಬರೆದು ಸಹಿ ಮಾಡಿದರು.

ಮೂರನೇ ಭಾನುವಾರ ಸಹಿ ಹಾಕಿದ ಮೇಲೂ ಮಲ್ಲಾಜಮ್ಮ ಹೊರಡಲಿಲ್ಲ. ಸೆರಗಿನಿಂದ ಸಣ್ಣ ಎಣ್ಣೆ ಡಬ್ಬಿ ತೆಗೆದಳು.

“ಮಳೆಗಾಲ ಸಾ. ಎಣ್ಣೆ ಕಾಣ್ಸದಿದ್ರೆ ತುಕ್ಕು ಇಡಿದದೆ. ಯಾರ ಕೈಲಾದ್ರೂ ಆಕ್ಸಿ.”

ಮುದ್ದೆಮಾಲನ್ನು ಆರೋಪಿ ಮುಟ್ಟುವಂತಿಲ್ಲ. ಅದು ಶಿವಸ್ವಾಮಿಯವರಿಗೆ ಚೆನ್ನಾಗಿಯೇ ಗೊತ್ತು. ಅವರು ಬೀಗದ ಕೈ ಗೊಂಚಲನ್ನು ವನಜಾಕ್ಷಿಯ ಮುಂದಿಟ್ಟು, ಊಟಕ್ಕೆ ಹೋಗಿ ಬರುತ್ತೇನೆಂದು ಎದ್ದು ಹೋದರು. ಆಗಿನ್ನೂ ಹನ್ನೊಂದು ಗಂಟೆ.

ಮಲ್ಲಾಜಮ್ಮ ಕೊಡಗಳನ್ನು ಸರಿಸಿ ನೆಲದ ಮೇಲೆ ಕೂತಳು. ಮೊದಲು ಧೂಳು ಒರೆಸಿದಳು. ಆಮೇಲೆ ಒಂದೊಂದು ಸಂದಿಗೂ ಒಂದೊಂದು ತೊಟ್ಟು ಎಣ್ಣೆ ಬಿಟ್ಟಳು. ಹಿಡಿಯನ್ನು ಮೆಲ್ಲಗೆ ತಿರುಗಿಸಿದಳು. ತಂತಿ ಇರಲಿಲ್ಲ, ಕಾಯ್ಲಿನ ಅಚ್ಚಿರಲಿಲ್ಲ, ಬರಿದೇ ತಿರುಗಿತು. ಅವಳ ಕಣ್ಣು ಮುಚ್ಚಿತ್ತು.

ವನಜಾಕ್ಷಿ ಬಾಗಿಲಲ್ಲಿ ಕಾದು ನಿಂತಳು. ಹೊರಗೆ ಜೀಪು ಬಂದ ಸದ್ದಾಯಿತು.

“ಸಾಕಾ ಅಕ್ಕ?”

“ಸಾಕು ಕಣವ್ವ,” ಎಂದಳು ಮಲ್ಲಾಜಮ್ಮ. ಕೈ ಮಾತ್ರ ಹಿಡಿಯಿಂದ ತೆಗೆಯಲಿಲ್ಲ.